ಎರಡೂ ಒಂದೇ ಎಂದ ಕಚೇರಿಗೆ, ಬಿಟ್ಟುಹೋದ ಸಾಲುಗಳ ಬಗ್ಗೆ

ಮಾನ್ಯರೇ,

ದೃಷ್ಟಿ ಕಳೆದುಕೊಂಡವರಿಗೆ ಮಾತಾಡುವ ಕಂಪ್ಯೂಟರ್ ಹಂಚುವ ಕಚೇರಿಯ ಮೇಲಧಿಕಾರಿಗಳಾದ ತಮಗೆ ಮೊದಲೇ ಹೇಳಿಬಿಡುತ್ತೇನೆ. ತಾವು ನನಗೆ ಕೊಟ್ಟ ಕಂಪ್ಯೂಟರ್ ಇಂಗ್ಲಿಷ್ ಓದುತ್ತದೆ, ತೆಲುಗು ಓದುತ್ತದೆ, ಕನ್ನಡ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಐದು ತಿಂಗಳಲ್ಲಿ ಏಳು ದೂರು ಕೊಟ್ಟೆ. ಏಳನ್ನೂ ‘ಪರಿಹರಿಸಲಾಗಿದೆ’ ಎಂದು ಮುಚ್ಚಿದ್ದೀರಿ. ಕೊನೆಯ ದೂರಿನ ಮೇಲೆ ನಿಮ್ಮವರು ಬರೆದ ಷರಾವನ್ನು ನನ್ನ ಸೊಸೆ ರಶ್ಮಿ ಓದಿ ಹೇಳಿದಳು: ‘ಫಿರ್ಯಾದುದಾರರಿಗೆ ಪರದೆಯನ್ನು ತೋರಿಸಿ ಖಚಿತಪಡಿಸಲಾಗಿದೆ.’ ನನ್ನ ಎರಡೂ ಕಣ್ಣು ಹೋಗಿ ಆರು ವರ್ಷವಾಯಿತು. ಯಾರಿಗೆ ತೋರಿಸಿದಿರಿ, ಸ್ವಾಮಿ? ಏನು ಖಚಿತವಾಯಿತು?

ನಾನು ಹುಮನಾಬಾದಿನ ಮಗಳು, ಹೈದರಾಬಾದಿನ ನಾರಾಯಣಗೂಡದ ಸೊಸೆ. ಇಲ್ಲಿಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದೆ. ಕನ್ನಡದ ಪುಟವೂ ತೆಲುಗಿನ ಪುಟವೂ ಒಂದೇ ಮೇಜಿಗೆ ಬರುತ್ತಿದ್ದವು. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ, ನಿಜ. ಆದರೆ ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿಗೆ ಕನ್ನಡದ ತಲೆಕಟ್ಟಿನ ಬದಲು ತೆಲುಗಿನ ತಲೆಕಟ್ಟು ಬಿದ್ದರೆ ಇಡೀ ಪುಟವನ್ನು ವಾಪಸ್ ಕಳಿಸುತ್ತಿದ್ದೆ. ಮಾಲೀಕರು ಗೊಣಗುತ್ತಿದ್ದರು, ಆಮೇಲೆ ತಿದ್ದಿಸುತ್ತಿದ್ದರು. ಆ ಕೆಲಸ ಕಣ್ಣಿನ ಜೊತೆಗೇ ಹೋಯಿತು. ತಪ್ಪು ಕಂಡರೆ ಸುಮ್ಮನಿರಲಾಗದ ಚಾಳಿ ಮಾತ್ರ ಉಳಿದಿದೆ, ಅದರ ಫಲ ಈಗ ನೀವು ಉಣ್ಣುತ್ತಿದ್ದೀರಿ.

ಕನ್ನಡವೇ ಯಾಕೆ ಬೇಕು ಎಂದು ನಿಮ್ಮ ಸಹಾಯವಾಣಿಯವರು ಕೇಳಿದರು. ಹುಮನಾಬಾದಿನಲ್ಲಿ ನನ್ನ ಅಕ್ಕ ಹಂಪಮ್ಮ ಇದ್ದಾಳೆ. ಕಳೆದ ವರ್ಷ ಗಂಟಲಿನ ಗಡ್ಡೆ ತೆಗೆಯುವಾಗ ಡಾಕ್ಟರು ಆಕೆಯ ದನಿಪೆಟ್ಟಿಗೆಯನ್ನೂ ತೆಗೆದರು. ಈಗ ಆಕೆಗೆ ದನಿಯಿಲ್ಲ, ನನಗೆ ಕಣ್ಣಿಲ್ಲ. ಫೋನ್ ಮಾಡಿದರೆ ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತದೆ. ಅರವತ್ತಾರನೆಯ ವಯಸ್ಸಿಗೆ ಆಕೆ ಕನ್ನಡ ಟೈಪಿಂಗ್ ಕಲಿತು ನನಗೆ ಇ–ಮೇಲ್ ಬರೆಯತೊಡಗಿದಳು. ಇದುವರೆಗೆ ಮೂವತ್ತೊಂದು ಪತ್ರ ಬಂದಿವೆ. ಅವನ್ನು ನಾನೇ ಕೇಳಿಸಿಕೊಳ್ಳಬೇಕೆಂದೇ ನಿಮ್ಮ ಯೋಜನೆಗೆ ಅರ್ಜಿ ಹಾಕಿದ್ದು.

ಇನ್ನು ನಿಮ್ಮ ಉಪಕಾರಗಳನ್ನು ಸ್ಮರಿಸುತ್ತೇನೆ. ಕನ್ನಡದ ದನಿಯನ್ನು ಮನೆಯಲ್ಲೇ ಅಳವಡಿಸಿಕೊಳ್ಳಿ ಎಂದು ಒಂದು ವಿಡಿಯೋ ಕಳಿಸಿದಿರಿ. ಅದರಲ್ಲಿ ಆರು ನಿಮಿಷ ವೀಣೆ ಬಾರಿಸಿತು, ಒಂದು ಮಾತೂ ಇರಲಿಲ್ಲ. ವೀಣೆ ಚೆನ್ನಾಗಿತ್ತು. ದೂರು ದಾಖಲಿಸಬೇಕಾದರೆ ಚಿತ್ರದಲ್ಲಿ ಕಾಣುವ ಸೊಟ್ಟ ಅಕ್ಷರಗಳನ್ನು ಟೈಪ್ ಮಾಡಿ ನಾನು ಯಂತ್ರವಲ್ಲ ಎಂದು ಸಾಬೀತು ಮಾಡಬೇಕಂತೆ. ಕುರುಡರು ಮನುಷ್ಯರಲ್ಲವೆಂದು ನಿಮ್ಮ ಯಂತ್ರ ಆಗಲೇ ತೀರ್ಮಾನಿಸಿದ ಹಾಗಾಯಿತು. ಸಹಾಯವಾಣಿಯ ಹುಡುಗಿ ‘ಎಡಗಡೆ ಹಸಿರು ಬಟನ್ ಕಾಣ್ತಿದೆಯಾ ಮೇಡಂ’ ಎಂದು ಮೂರು ಸಲ ಕೇಳಿದಳು. ರಶ್ಮಿ ತಾನೇ ಕೂತು ಎಲ್ಲ ಹೆಜ್ಜೆ ಮುಗಿಸಿದರೆ ಕೊನೆಗೆ ಕಂಪ್ಯೂಟರ್ ಗುಪ್ತಪದ ಕೇಳಿತು. ಅದು ಕಚೇರಿಯಲ್ಲಿದೆ. ದುರುಪಯೋಗವಾಗಬಾರದೆಂದು ಕೊಡುವುದಿಲ್ಲವಂತೆ. ಫೋನಿನಲ್ಲಿ ಓದಿಸಿಕೊಳ್ಳಬಾರದೇ ಎನ್ನುವವರೂ ಇದ್ದಾರೆ. ನನ್ನ ಬೆರಳಿಗೆ ಆ ನುಣುಪು ಗಾಜಿನ ಮೇಲೆ ಏನೂ ಸಿಗುವುದಿಲ್ಲ, ಕೀಲಿಮಣೆಯಾದರೆ ಹಳೆಯ ಪರಿಚಯ.

ಕಡೆಗೆ ಒಬ್ಬ ತಂತ್ರಜ್ಞರು ಮನೆಗೆ ಬಂದರು. ಅಕ್ಕನ ಪತ್ರ ತೆರೆದು ತೋರಿಸಿದೆವು. ನೋಡಿದರು, ಏನೋ ಹಾಕಿದರು, ‘ಅಯಿಪೋಯಿಂದಮ್ಮಾ’ ಎಂದರು. ಮುಗಿಯಿತು, ಸರಿ. ಗುಂಡಿ ಒತ್ತಿದೆ. ಮೌನ. ಅವರು ಹಾಕಿದ್ದು ತೆಲುಗಿನ ದನಿ. ನಾನು ತೆಲುಗಿನಲ್ಲೇ ಕೇಳಿದೆ, ಕನ್ನಡಕ್ಕೆ ತೆಲುಗು ಯಾಕೆ ಹಾಕಿದಿರಿ ಎಂದು. ‘ರೆಂಡೂ ಒಕಟೇ ಕದಮ್ಮಾ’ ಎಂದರು. ಎರಡೂ ಒಂದೇ ತಾನೇ, ಅಂದರೆ ಲಿಪಿ ಒಂದೇ ಥರ ಕಾಣುತ್ತದಲ್ಲ. ಇಪ್ಪತ್ತಾರು ವರ್ಷ ಯಾವ ತಪ್ಪನ್ನು ಹಿಡಿದು ಸಂಬಳ ಪಡೆದೆನೋ ಅದೇ ತಪ್ಪು ನನ್ನ ಮನೆಗೇ ನಡೆದುಕೊಂಡು ಬಂದು, ಚಹಾ ಕುಡಿದು, ರಶ್ಮಿಯಿಂದ ಸಹಿ ಹಾಕಿಸಿಕೊಂಡು ಹೋಯಿತು.

ಹೀಗಾಗಿ ಅಕ್ಕನ ಪತ್ರಗಳನ್ನು ರಶ್ಮಿಯೇ ಓದುತ್ತಿದ್ದಳು. ಹೋದ ವಾರ ಒಂದು ಪತ್ರ ಬಂತು. ಅಕ್ಕ ಆರಾಮ ಇದ್ದಾಳೆ, ಉಣ್ಣುತ್ತಾಳೆ, ನಮ್ಮನ್ನೆಲ್ಲ ನೆನೆಸುತ್ತಾಳೆ ಎಂದು ಓದಿದಳು. ಅವಳು ಅಡುಗೆಮನೆಗೆ ಹೋದ ಮೇಲೆ ನಾನು ಸುಮ್ಮನೆ ಅದೇ ಪತ್ರವನ್ನು ಕಂಪ್ಯೂಟರಿನಿಂದ ಓದಿಸಿದೆ. ಅದು ಕನ್ನಡವನ್ನೆಲ್ಲ ನುಂಗಿ, ನಡುವೆ ಇದ್ದ ಅಂಕಿಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿತು: ಥರ್ಟಿ ಎಯ್ಟ್. ಟ್ವೆಂಟಿ ಟೂ. ರಶ್ಮಿ ಓದಿದ ಪತ್ರದಲ್ಲಿ ಒಂದು ಅಂಕಿಯೂ ಇರಲಿಲ್ಲ.

ಎರಡು ಕರಡುಗಳನ್ನು ಹೋಲಿಸಿ ನೋಡುವುದೇ ನನ್ನ ಕಸುಬಾಗಿತ್ತು. ಕೂಗಿ ಕರೆದೆ.

“ಮೂವತ್ತೆಂಟು ಅಂದ್ರ ಏನ ಐತೆವಾ ಅದರಾಗ?”

ಅವಳ ಹೆಜ್ಜೆ ಬಾಗಿಲಲ್ಲೇ ನಿಂತಿತು.

“ಸಾಲು ಬಿಟ್ಟು ಓದಾಕತ್ತೀಯೇನ?”

“ನಿಮಗ ತ್ರಾಸ ಆಗ್ತೈತಂತ ಬಿಟ್ಟೀನ್ರಿ ಅತ್ತಿ,” ಎಂದು ಅಳತೊಡಗಿದಳು.

ಆಮೇಲೆ ಪೂರ್ತಿ ಓದಿದಳು. ಮೂವತ್ತೆಂಟು ಕಿಲೋ ಅಕ್ಕನ ತೂಕ. ಇಪ್ಪತ್ತೆರಡು ಎರಡನೆಯ ಆಪರೇಷನ್ನಿನ ತಾರೀಖು. ‘ಅದಕ್ಕಿಂತ ಮೊದಲ ಒಮ್ಮೆ ಬಂದು ಹೋಗು’ ಎಂದಿತ್ತು ಕೊನೆಯ ಸಾಲು. ಉಳಿದ ಮೂವತ್ತು ಪತ್ರಗಳಲ್ಲಿ ಏನೇನು ಬಿಟ್ಟಿದ್ದಾಳೋ ಅವಳಿಗೇ ನೆನಪಿಲ್ಲ. ನಾನು ಅವಳನ್ನು ಬೈಯಲಿಲ್ಲ. ಮತ್ತೆ ಓದುತ್ತೇನೆ ಎಂದು ಕೂತಳು, ಎರಡನೆಯ ಪತ್ರಕ್ಕೇ ಎದ್ದು ಹೋದಳು. ಅಲ್ಲದೆ ಅಕ್ಕ ತನ್ನ ಸೊಸೆಯ ಬಗ್ಗೆ ಬರೆದ ನಾಲ್ಕು ಮಾತನ್ನು ನಾನು ನನ್ನ ಸೊಸೆಯ ಬಾಯಿಂದ ಕೇಳಬೇಕೇ? ಪ್ರೀತಿ ಇದ್ದವರು ಯಾರೂ ನನಗೆ ನೆಟ್ಟಗೆ ಓದಿ ಹೇಳುವುದಿಲ್ಲ, ಮಾನ್ಯರೇ. ನನಗೆ ಬೇಕಿರುವುದು ಕರುಣೆಯಿಲ್ಲದ ಒಂದು ಯಂತ್ರ. ಕರುಣೆಯಿಲ್ಲದ ಕಚೇರಿಯೊಂದು ಆಗಲೇ ಸಿಕ್ಕಿದೆ.

ಭಾನುವಾರ ಮಗ ಚೇತನಕುಮಾರ ನನ್ನನ್ನು ಹುಮನಾಬಾದಿಗೆ ಕರೆದುಕೊಂಡು ಹೋದ. ಅಕ್ಕನ ಕೈ ಹಿಡಿದರೆ ಬರೀ ಎಲುಬು. ಮಾತಾಡಲು ಬೇರೆ ದಾರಿಯಿಲ್ಲದೆ ಆಕೆ ನನ್ನ ಅಂಗೈ ಬಿಡಿಸಿ, ಮೇಲೆ ಬೆರಳಿನಿಂದ ಬರೆದಳು. ಚಿಕ್ಕಂದಿನಲ್ಲಿ ನನಗೆ ಅಕ್ಷರ ತಿದ್ದಿಸಿದವಳು ಆಕೆಯೇ. ಒಂದೊಂದೇ ಅಕ್ಷರ ನಿಧಾನವಾಗಿ ಬಂತು: ‘ಎಲ್ಲಾ ಓದಿದೇನು?’

“ಹೂಂ ಅಕ್ಕಾ, ಎಲ್ಲಾ ಓದೀನಿ,” ಎಂದೆ.

ಓದದ ಕರಡಿಗೆ ‘ಸರಿಯಿದೆ’ ಎಂದು ನಾನು ಜನ್ಮದಲ್ಲಿ ಸಹಿ ಹಾಕಿದವಳಲ್ಲ. ಅಂದು ಹಾಕಿದೆ. ಆಕೆ ನನ್ನ ಮುಷ್ಟಿ ಮುಚ್ಚಿ, ಅದರ ಮೇಲೆ ತನ್ನ ಕೈ ಇಟ್ಟುಕೊಂಡು ಕೂತಳು. ನನಗೆ ಅಳು ಬಂತು, ಅತ್ತೆ.

ಈಗ ನನ್ನ ಬೇಡಿಕೆ. ಕನ್ನಡ ಯಾವುದು, ತೆಲುಗು ಯಾವುದು ಎಂದು ಬಲ್ಲ ಒಬ್ಬರನ್ನು ಗುಪ್ತಪದದ ಸಮೇತ ನನ್ನ ಮನೆಗೆ ಕಳಿಸಿ. ಕನ್ನಡದ ದನಿ ಉಚಿತವಾಗಿಯೇ ಸಿಗುತ್ತದೆ, ಹಾಕಲು ಹತ್ತು ನಿಮಿಷ ಸಾಕು ಎಂದು ತಿಳಿದವರು ಹೇಳಿದ್ದಾರೆ. ದೂರು ಮುಚ್ಚುವ ಮುನ್ನ ಪರದೆ ತೋರಿಸಬೇಡಿ, ಒಂದು ಸಾಲು ಕೇಳಿಸಿ. ಹೊಸ ದೂರಿಗೆ ಹದಿನೈದು ಕೆಲಸದ ದಿನ ಬೇಕೆಂಬುದು ನಿಮ್ಮ ನಿಯಮ. ಇಂದು ಒಂಬತ್ತನೆಯ ತಾರೀಖು. ಅಕ್ಕನ ಆಪರೇಷನ್ನಿಗೆ ಉಳಿದಿರುವುದು ಹದಿಮೂರು ದಿನ, ಅದರಲ್ಲಿ ನಿಮ್ಮ ರಜೆಗಳೂ ಸೇರಿವೆ.

ಈ ಪತ್ರವನ್ನು ನಾನು ಹೇಳಿದೆ, ರಶ್ಮಿ ಬರೆದುಕೊಂಡಳು. ಎರಡು ಸಲ ಓದಿಸಿ ಕೇಳಿದ್ದೇನೆ, ತನ್ನ ತಪ್ಪಿನ ಸಾಲನ್ನೂ ಅವಳು ಬಿಟ್ಟಿಲ್ಲ. ಬೇಕೆಂದೇ ಇದನ್ನು ಕನ್ನಡದಲ್ಲಿ ಕಳಿಸುತ್ತಿದ್ದೇನೆ. ಎರಡೂ ಒಂದೇ ಆದ್ದರಿಂದ ತಮಗೆ ಓದಲು ಕಷ್ಟವಾಗಲಾರದು. ಕಷ್ಟವಾದರೆ ಯಾರಾದರೂ ಓದಿ ಹೇಳುತ್ತಾರೆ. ತಮಗೆ ಬೇಸರವಾಗುವ ಕಡೆಯೆಲ್ಲ ಅವರು ಸಾಲು ಬಿಡುತ್ತಾರೆ. ಕೊನೆಗೆ ತಮ್ಮ ಕಿವಿಗೆ ಬೀಳುವುದು ಹದಿಮೂರು ಎಂಬ ಅಂಕಿಯೊಂದೇ ಆದರೂ, ಅದು ಏನೆಂದು ದಯವಿಟ್ಟು ಕೇಳಿ.

ಇಂತಿ,
ಪರದೆಯನ್ನು ನೋಡಿ ಖಚಿತಪಡಿಸಿಕೊಂಡಳೆಂದು ತಮ್ಮ ಕಡತದಲ್ಲಿರುವ,
ಅಕ್ಕನಿಗೆ ಒಂದು ಸುಳ್ಳು ಹೇಳಿ ಬಂದ
ಶಿವದೇವಿ
ನಾರಾಯಣಗೂಡ, ಹೈದರಾಬಾದ್