ಮುನಿಯಲ್ಲಮ್ಮನ ಹೆಬ್ಬೆಟ್ಟು

ಮಾಲೂರು,
೧೨ ಜುಲೈ ೨೦೨೪, ಶುಕ್ರವಾರ

ತಮ್ಮ ಮುರಳಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯೋ? ಎದೆಯುರಿ ಕಡಿಮೆಯಾಯಿತೆ? ಬೆಳಿಗ್ಗೆ ಬರಿಹೊಟ್ಟೆಗೆ ಟೀ ಕುಡಿಯಬೇಡ. ನಿನ್ನ ಫೋನು ಆಫ್ ಆಗಿ ಹತ್ತೊಂಬತ್ತು ದಿನ. ಎಲ್ಲಿದ್ದೀಯೆಂದು ನಿನ್ನ ಗೆಳೆಯ ಕದಿರೇಶ ಬಾಯಿ ಬಿಡಲಿಲ್ಲ. ಕಾಗದ ಕೊಟ್ಟರೆ ತಲುಪಿಸುತ್ತೇನೆ ಎಂದ, ಅಷ್ಟೇ.

ಹೋಗುವ ದಿನ ನೀನು, "ಐಪಿ ಹಾಕ್ಬಿಟ್ಟೆ ಅಕ್ಕ, ಇನ್ನು ಸಾಲ ಕೊಟ್ಟೋರು ಯಾರೂ ಏನೂ ಕೇಳಂಗಿಲ್ಲ" ಎಂದಿದ್ದೆ. ನಾನೂ ನಂಬಿದೆ. ಮಂಗಳವಾರ ಮುನಿಯಲ್ಲಮ್ಮ ಬಂದಳು. ಶಿವಾರಪಟ್ಟಣದ ನಿನ್ನ ಶೆಡ್ಡಿನಲ್ಲಿ ಹನ್ನೊಂದು ವರ್ಷ ವಿಗ್ರಹಗಳಿಗೆ ಪಾಲಿಶ್ ಹಾಕಿದವಳು, ಕರೆದರೂ ಒಳಗೆ ಬರಲಿಲ್ಲ. ಬಾಗಿಲಲ್ಲೇ ಕೂತು, ನಿನ್ನ ಸಾಲದ ಬಗ್ಗೆ ಅವಳಿಗೆ ಬಂದ ಒಂದು ನೋಟೀಸು ತೆಗೆದು, "ಓದಮ್ಮ, ಇದ್ರಾಗೆ ನನ್ ಹೆಸರು ಯಾಕೈತೆ?" ಎಂದಳು. ಹೆಸರಿನ ಮುಂದೆ ಜಾಮೀನುದಾರಳು ಎಂದಿತ್ತು. ಆ ಮಾತು ಅವಳಿಗೆ ತಿಳಿಯದು, ನನಗೂ ಅರ್ಧಂಬರ್ಧ.

ಇಬ್ಬರೂ ಕೋಲಾರಕ್ಕೆ ಹೋಗಿ ವಕೀಲ ಶ್ರೀಧರ್ ಅವರನ್ನು ಕಂಡೆವು. ಐಪಿ ಎಂದರೆ, ನನ್ನನ್ನು ದಿವಾಳಿಯೆಂದು ಘೋಷಿಸಿ ಎಂದು ಕೋರ್ಟಿಗೆ ಹಾಕಿಕೊಳ್ಳುವ ಅರ್ಜಿ ಮಾತ್ರ, ತೀರ್ಪಲ್ಲವಂತೆ. ಕೋರ್ಟು ಒಪ್ಪಿದರೆ ನಿನ್ನ ಆಸ್ತಿ ರಿಸೀವರ್ ಎಂಬವರ ವಶಕ್ಕೆ ಹೋಗುತ್ತದೆ. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ನೀನು ನೇರವಾಗಿ ನಡೆದುಕೊಂಡಿದ್ದರೆ ಕೊನೆಗೆ ಋಣದಿಂದ ಬಿಡುಗಡೆ. ಅಷ್ಟು ಕೇಳಿ ನನಗೆ ಉಸಿರು ಬಂತು. ಮುನಿಯಲ್ಲಮ್ಮ, "ಮುರಳಣ್ಣಂಗೆ ಬಿಡುಗಡೆ ಆದ್ರೆ ನಂಗೂ ಆಗ್ತೈತಲ್ವಾ ಸಾರ್?" ಎಂದಳು. ವಕೀಲರು ಪೆನ್ನು ಕೆಳಗಿಟ್ಟರು. "ಇಲ್ಲಮ್ಮ. ಸಾಲಗಾರನ್ನ ಬಿಟ್ರೂ ಜಾಮೀನು ನಿಂತೋರನ್ನ ಬಿಡಲ್ಲ."

ಪಿಂಚಣಿ ಕಾಗದವೆಂದು ಹೇಳಿ ಜಾಮೀನು ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆಯಂತೆ. ಅವಳು ನಿನ್ನನ್ನು ಬೈಯಲಿಲ್ಲ ಕಣೋ. ಬಸ್ಸಿನುದ್ದಕ್ಕೂ ಆ ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು. ಅವಳಿಗಿರುವುದು ಒಂದು ಶೀಟಿನ ಮನೆ. ನಿನ್ನೆ ಸಾಲ ಕೊಟ್ಟವರ ಕಡೆಯ ಇಬ್ಬರು ಬಂದು ಅದರ ಫೋಟೋ ಹಿಡಿದು, ಬಾಗಿಲಿಂದ ಬೀದಿಗೆ ಟೇಪು ಎಳೆದು ಅಳೆದು ಹೋಗಿದ್ದಾರೆ.

ಇನ್ನು ಈ ಸಲದ ಯುಗಾದಿಗೆ ನೀನು ನನಗೆ ದಾನಪತ್ರ ಬರೆದುಕೊಟ್ಟ ಸೈಟಿನ ಮಾತು. ತವರಿನ ಉಡುಗೊರೆಯೆಂದು ಬೀದಿಗೆಲ್ಲ ಹೋಳಿಗೆ ಹಂಚಿದ್ದೆ, ಪೆದ್ದಿ. ದಿವಾಳಿಯಾಗುವ ಮುಂಚಿನ ಎರಡು ವರ್ಷದಲ್ಲಿ ಹಾಗೆ ಪುಕ್ಕಟೆ ಕೊಟ್ಟದ್ದನ್ನು ಕೋರ್ಟು ರದ್ದು ಮಾಡಬಹುದಂತೆ. ಆಸ್ತಿ ಬಚ್ಚಿಟ್ಟರೆ ಜೈಲೂ ಆಗಬಹುದಂತೆ. "ಅಂಥದ್ದೇನಾದ್ರೂ ನಿಮಗೆ ಗೊತ್ತಾ?" ಎಂದು ವಕೀಲರು ಕೇಳಿದಾಗ ತಲೆ ತಗ್ಗಿಸಿದೆ. ಕಲ್ಲು ಕೊಯ್ಯುವ ಮಿಷನ್ನುಗಳನ್ನು ನೀನು ದೇವರಾಯಸಮುದ್ರದ ಕೋಳಿ ಶೆಡ್ಡಿಗೆ ಸಾಗಿಸಿದ ದಿನ, ಲಾರಿಯವರಿಗೆ ಮುದ್ದೆ ಬಡಿಸಿದವಳು ನಾನೇ ಅಲ್ಲವೆ?

ಸೋಮವಾರ ನಿನ್ನ ಅರ್ಜಿಯ ವಿಚಾರಣೆ. ಬಂದುಬಿಡು. ಊಟ ಬಿಡಬೇಡ. ನಿನ್ನ ಭಾವ ಕೇಳಿದ್ದಾರೆ. ದೇವರು ನಿನಗೆ ಧೈರ್ಯ ಕೊಡಲಿ.

ನಿನ್ನ ಅಕ್ಕ,
ತ್ರಿವೇಣಿ

ವಿ.ಸೂ.: ಕದಿರೇಶ ಬೈಕು ಸ್ಟಾರ್ಟ್ ಮಾಡಿ ನಿಂತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಮಧ್ಯಾಹ್ನ ಅಫಿಡವಿಟ್ಟಿಗೆ ಸಹಿ ಹಾಕಿದೆ. ಸೈಟು, ಮಿಷನ್ನು, ಪಿಂಚಣಿಯೆಂದು ಹೇಳಿದ ಸುಳ್ಳು, ಎಲ್ಲ ಬರೆಸಿದ್ದೇನೆ. ಸೋಮವಾರ ಹನ್ನೊಂದಕ್ಕೆ ಅದು ಜಡ್ಜರ ಕೈಗೆ ಹೋಗುತ್ತದೆ. ಅಷ್ಟರೊಳಗೆ ನೀನೇ ಬಂದು ಹೇಳು ಮುರಳಿ. ನನ್ನ ಬಾಯಿಂದ ಹೇಳಿಸಬೇಡ.