ಮೂತಿಗೊಂದು ಹಲಗೆ

ಕೊಅಮೊ, ಪೋರ್ಟೊರಿಕೊ
ಭಾನುವಾರ, ಫೆಬ್ರವರಿ 11, 2007

ನನ್ನ ಮುದುಕಪ್ಪಾ,

ಮೊದಲು ನಿನ್ನ ಮಂಡಿಯ ವಿಷಯ ಹೇಳು. ಟೆಕ್ಸಾಸಿನ ಚಳಿಗೆ ಮತ್ತೆ ಹಿಡಿದುಕೊಂಡಿದೆಯೋ, ಇಲ್ಲವೋ? ಕರೆಂಟು ಕಂಬ ಹತ್ತುವುದನ್ನು ಹುಡುಗರಿಗೆ ಬಿಟ್ಟು, ಕೆಳಗೆ ನಿಂತು ಕೂಗಾಡುವುದೇ ಮೇಸ್ತ್ರಿಯ ಕೆಲಸ ಎಂದು ನಿನಗೆ ಯಾರು ತಿಳಿಸಿ ಹೇಳಬೇಕು? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮ ಹಿತ್ತಲಿನ ತೊಗರಿಕಾಯಿ ಬಿಡಿಸುತ್ತಾ ಒಂದು ಸಲ ನಿನ್ನನ್ನು ಬೈದರೆ ಹತ್ತು ಸಲ ನೆನೆಸಿಕೊಳ್ಳುತ್ತಾರೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಕಾರಿನ ಮಾತೆತ್ತಿದ ಕೂಡಲೇ ನಿನಗೆ ಏನೂ ಕೇಳಿಸುವುದಿಲ್ಲ. ಅದಕ್ಕೇ ಈ ಕಾಗದ.

ಕಳೆದ ಆಗಸ್ಟಿನಲ್ಲಿ ಸಲಿನಾಸ್‌ನ ರೇಸ್ ಟ್ರ್ಯಾಕಿನಲ್ಲಿ ಕಾರು ಗಿರಕಿ ಹೊಡೆದು ಹುಲ್ಲಿಗೆ ಇಳಿಯಿತಲ್ಲ, ಅವತ್ತಿನಿಂದ ನೀನು ಅದರ ಹೊದಿಕೆಯನ್ನೇ ತೆಗೆಯಲಿಲ್ಲ. "ಕೈ ಮುದಿಯಾಯ್ತು ಕಣೆ ಮಿಗ್ದಾಲಿಯಾ, ಸ್ಟೇರಿಂಗ್ ನನ್ನ ಮಾತು ಕೇಳ್ತಿಲ್ಲ, ಮಾರಿಬಿಡು" ಅಂದು ವಿಮಾನ ಹತ್ತಿದೆ. ಆ ಹಳೆಯ ಕೆಂಪು ಕಾರಿನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತೆಂದು ನಿನಗೆ ಗೊತ್ತು. ನನಗಿಂತ ಅದನ್ನೇ ಹೆಚ್ಚು ಒರೆಸಿದವನು ನೀನು. ಆದರೂ ಮಾರಲು ಹೊರಟಾಗ ಸಂಕಟವಾಯಿತು. ಅವತ್ತು ಕಾರು ಯಾಕೆ ಗಿರಕಿ ಹೊಡೆಯಿತು ಅಂತ ನಿನ್ನ ತಮ್ಮ ಚೇಗಿಯನ್ನು ಕೇಳಿದೆ. "ಅತ್ತಿಗೆ, ಎಂಜಿನ್ ಬೆನ್ನ ಹಿಂದೆ ಇರೋ ಕಾರಿದು. ಮೂತೀಲಿ ಭಾರವೇ ಇಲ್ಲ. ಜೋರಾಗಿ ಹೋದ್ರೆ ಗಾಳಿ ಕೆಳಗೆ ನುಗ್ಗಿ ಎತ್ತತ್ತೆ. ಅಣ್ಣನಿಗೆ ಎಷ್ಟು ಸಲ ಹೇಳ್ದೆ, ಒಂದು ಸ್ಪ್ಲಿಟರ್ ಹಾಕ್ಸು ಅಂತ" ಅಂದ. ಬಂಪರಿನ ಕೆಳಗೆ ಮುಂದಕ್ಕೆ ಚಾಚಿಕೊಂಡಿರುವ ಆ ಹಲಗೆಯನ್ನು ಹುಡುಗರ ಶೋಕಿ ಅಂತಲೇ ನಾನು ತಿಳಿದಿದ್ದೆ. ಅದರ ಮೇಲೆ ಗಾಳಿ ಕೂತು ಕಾರನ್ನು ನೆಲಕ್ಕೆ ಅಮುಕುತ್ತದಂತೆ. ಒಳ್ಳೆಯದಾದರೆ ಅದರ ಮೇಲೆ ಆಳು ನಿಂತರೂ ಬಗ್ಗಬಾರದಂತೆ.

ಸರಿ, ಪೋನ್ಸೆಯ ದೊಡ್ಡ ಅಂಗಡಿಗೆ ಹೋದೆವು. ಮುಂಬಾಗಿಲ ಗಾಜಿನ ಪಕ್ಕದ ಜಗಲಿಯ ಮೇಲೆ ಕಾರ್ಬನ್ ಫೈಬರಿನದೊಂದು, ಕರಿ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಚೇಗಿ ಅಲ್ಲೇ ಮನಸೋತ. ನಾನು ಚಪ್ಪಲಿ ಕಳಚಿ ಅದರ ಮೇಲೆ ಕಾಲಿಟ್ಟೆ. ಅಂಗಡಿಯವನು ಓಡಿಬಂದ. "ಅಯ್ಯೋ ಅಮ್ಮಾ, ಕಾಲ್ ತೆಗೀರಿ! ಇದು ನಿಲ್ಲೋಕಲ್ಲ, ನೋಡೋಕೆ!" ಬರೀ ನೋಡೋಕಾದ್ರೆ ಮನೇಲಿ ಗಂಡನ ಫೋಟೊ ಇದೆ ಅಂದು ಹೊರಗೆ ಬಂದೆ.

ಆಮೇಲೆ ಸಿಕ್ಕಿದವಳು ಸಾಂತಾ ಇಸಬೆಲ್‌ನ ಯಾದೀರಾ. ಮಾವಿನ ತೋಟದ ಪಕ್ಕ ತಗಡಿನ ಶೆಡ್ಡು, ಕೆಲಸ ಮಾಡುವವಳು ಅವಳೊಬ್ಬಳೇ. ಅವಳನ್ನು ನೀನು ನೋಡಬೇಕು! ಕಾರು ಯಾವ ವರ್ಷದ್ದು ಅಂತ ಕೇಳಲಿಲ್ಲ, "ಇದು ಮನೆಗೆ ಯಾವ ದಾರೀಲಿ ಹೋಗತ್ತೆ?" ಅಂತ ಕೇಳಿದಳು. ನಮ್ಮ ಬೆಟ್ಟದ ರಸ್ತೆ, ಅದರ ಹಂಪುಗಳು, ಮನೆ ಮುಂದಿನ ಕಡಿದಾದ ಇಳಿಜಾರು ಎಲ್ಲ ಹೇಳಿದೆ. ಮೂತಿ ತಾಗದಿರಲಿ ಅಂತ ನೀನು ಅಕ್ಕಪಕ್ಕದ ಗಂಡಸರನ್ನು ಕರೆದು ಕಾರಿನ ಹಿಂಬದಿಯ ಮೇಲೆ ಕೂರಿಸಿ ಕಾರು ಒಳಗೆ ತರುವುದನ್ನೂ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೆಟ್ಟದೋರೆಲ್ಲ ಹೀಗೇ. ಟ್ರ್ಯಾಕ್ ನೆನೆಸ್ಕೊಂಡು ಕೊಳ್ತಾರೆ, ಮನೆ ಬಾಗಿಲಲ್ಲಿ ಮುರ್ಕೊಂಡು ನನ್ ಹತ್ರ ಬರ್ತಾರೆ." ಅವಳು ಮಾಡಿಕೊಟ್ಟದ್ದು ಮಾಂಸದಂಗಡಿಯ ಕತ್ತರಿಸುವ ಮಣೆಯಂಥ ದಪ್ಪ ಪ್ಲಾಸ್ಟಿಕ್ಕಿನದು. ಉಜ್ಜಿದರೆ ಸವೆಯುತ್ತದೆ, ಮುರಿಯುವುದಿಲ್ಲ. ಬಂಪರಿಗೆ ನೇತುಹಾಕದೆ ಒಳಗಿನ ಚಾಸಿಯ ಚೌಕಟ್ಟಿಗೇ ಕಬ್ಬಿಣದ ಸರಳು ಕೊಟ್ಟು ಬಿಗಿದಿದ್ದಾಳೆ. ಬೆಟ್ಟದ ಬುಡದಲ್ಲಿ ಪಿನ್ನುಗಳನ್ನು ಎಳೆದರೆ ಹಲಗೆ ಕಳಚಿ ಕೈಗೆ ಬರುತ್ತದೆ, ಪಕ್ಕದ ಸೀಟಿಗೆ ಒರಗಿಸಿಕೊಂಡು ಮನೆಗೆ ಬರಬಹುದು. "ಮುಂದೆ ಮಾತ್ರ ಅಮುಕಿದ್ರೆ ಹಿಂದೆ ಜಾರತ್ತಮ್ಮ" ಅಂದು ಕಾರಿನ ಹಿಂಬದಿಯಲ್ಲಿ ಗಾಳಿಗೆ ಅಡ್ಡವಾಗಿರುವ ರೆಕ್ಕೆಯನ್ನೂ ಒಂಚೂರು ಎತ್ತಿದಳು. ಕೊನೆಗೆ ಹಲಗೆಯ ಮೇಲೆ ನನ್ನನ್ನು ನಿಲ್ಲಿಸಿ ತಾನೂ ಹತ್ತಿದಳು. ಇಬ್ಬರೂ ಕುಣಿದೆವು. ಕಾರು ತಲೆದೂಗಿತು, ಹಲಗೆ ಜಪ್ಪಯ್ಯ ಅನ್ನಲಿಲ್ಲ. ಅಂಥ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು ನನಗೆ. ನೋಡಲು ಮಾತ್ರ ಲಕ್ಷಣವಾಗಿಲ್ಲ, ಕೆಳದುಟಿ ಚಾಚಿ ಮುನಿಸಿಕೊಂಡ ನಿನ್ನ ಮುಖವೇ.

ಅಮ್ಮನ ಆಶೀರ್ವಾದ, ಚೇಗಿಯ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಎತ್ತರದಲ್ಲೂ ನೆಲದಲ್ಲೂ ಕಾಯಲಿ.

ಯಾವತ್ತೂ ನಿನ್ನವಳೇ,
ಮಿಗ್ದಾಲಿಯಾ

ಮರೆತಿದ್ದೆ: ಗುರುವಾರ ಯಾದೀರಾ ನನ್ನನ್ನು ಸಲಿನಾಸಿಗೆ ಕರೆದೊಯ್ದು ಕಾರು ನನ್ನ ಕೈಗೇ ಕೊಟ್ಟಳು. ಮೊದಲು ಹಲಗೆ ಇಲ್ಲದೆ ಓಡಿಸು ಅಂದಳು. ದಿನಾ ಶಾಲೆಯ ವ್ಯಾನು ಓಡಿಸುವ ನನ್ನ ಕೈಯಲ್ಲೂ ಸ್ಟೇರಿಂಗ್ ತೇಲಿಹೋಯಿತು, ಕಿರುಚಿಬಿಟ್ಟೆ. ಹಲಗೆ ಸಿಕ್ಕಿಸಿ ಮತ್ತೆ ಹೋದಾಗ ಕಾರು ಹೇಳಿದ ಹಾಗೆ ಕೇಳಿತು. ನಿನ್ನ ಕೈಗೆ ಏನೂ ಆಗಿಲ್ಲ ಎಫ್ರಾಯಿನ್. ನಿನ್ನೆ ಕೊಳ್ಳುವವನು ಬಂದಿದ್ದ. ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಕೀಲಿ ಎಲ್ಲಿ ಅಂದ. ಗೋಡೆಯ ಮೊಳೆಯಲ್ಲಿ ಇರಲಿಲ್ಲ. "ಹೊರಡೋ ದಿನ ಅವ್ನೇ ಜೇಬಿಗೆ ಹಾಕ್ಕೊಂಡ, ನಾನ್ ನೋಡ್ದೆ" ಅಂದರು ಅಮ್ಮ. ಕಾಫಿ ಕುಡಿಸಿ ಅವನನ್ನು ಕಳಿಸಿದೆ. ಬರುವಾಗ ಕೀಲಿ ತಗೊಂಡು ಬಾ.