ಹೆಸರು ಮುಚ್ಚಿದ ತಟ್ಟೆಗಳು

ಅಕ್ಕಾ, ತಲುಪಿದೆ, ಆರೋಗ್ಯವಾಗಿದ್ದೇನೆ. ನಾನು ಸೇರಿರುವ ಲ್ಯಾಬಿನಲ್ಲಿ ಚೀನಾದ ಹಳೇ ಮದ್ದಿನ ಬೇರೊಂದರ ಸತ್ವ ಭಾವನ ಕಾಯಿಲೆಯಲ್ಲಿ ಸಾಯುವಂಥ ನರಕೋಶಗಳನ್ನು ಕಾಯುತ್ತದೆಯೇ ಎಂದು ನೋಡುತ್ತಾರೆ. ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಕೋಶಗಳಿಗೆಲ್ಲ ವಿಷ ಹಾಕಿ, ಕೆಲವಕ್ಕೆ ಮಾತ್ರ ಸತ್ವ ಕೊಟ್ಟು, ಯಾವುದು ಯಾವುದೆಂದು ತಿಳಿಯದಂತೆ ಹೆಸರಿನ ಮೇಲೆ ಕಾಗದ ಅಂಟಿಸುತ್ತಾರೆ. "ಭಾವನ ಕೈ ನಡುಗುತ್ತೆ ಅಂದೆಯಲ್ಲ, ಯಾವುದಕ್ಕೆ ಸತ್ವ ಕೊಟ್ಟಿದೆ ಅಂತ ಗೊತ್ತಾದ್ರೆ ನಿನ್ನ ಕಣ್ಣು ಅದನ್ನೆಲ್ಲ ಪಾಸು ಮಾಡುತ್ತಪ್ಪ" ಎಂದರು ಲ್ಯಾಬಿನ ಮೇಡಂ. ಇವತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ತಟ್ಟೆಗಳ ಕೋಶಗಳು ದಾರದೆಳೆಯಂಥ ಕೈ ಚಾಚಿ ಬದುಕಿದ್ದವು. ಕಾಗದ ಕಿತ್ತರೆ, ಬದುಕಿದ್ದವೆಲ್ಲವೂ ಸತ್ವ ಕೊಟ್ಟವೇ! ಇದು ಮನುಷ್ಯರಿಗೆ ಮದ್ದಾಗುವುದು ಇನ್ನೂ ದೂರದ ಮಾತು. ಭಾವನ ಮಾತ್ರೆ ನಿಲ್ಲಿಸಬೇಡ, ಅಂಗಡಿಯಲ್ಲಿ ಬೇರು ಕೊಳ್ಳಬೇಡ. ಆದರೆ ಇನ್ನು ಹೊಲಿಯಲಾಗದೆಂದು ಭಾವ ಹೊಲಿಗೆ ಮಿಷನ್ ಮಾರುತ್ತೇನೆ ಎನ್ನುತ್ತಿದ್ದರಲ್ಲ, ಅದು ಬೇಡ. ಎಣ್ಣೆ ಬಿಟ್ಟು ಮುಚ್ಚಿಡಲಿ. ಅಂಚೆಗೆ ಹೊತ್ತಾಯಿತು.

ನಿನ್ನ ತಮ್ಮ